ಸೆಲ್ಫ್ ತಗೊಳ್ತಿಲ್ಲ: ಬ್ಯಾಟರಿ ಬದಲಿಸುವ ಮೊದಲು ಮಾಡಬೇಕಾದ ಅಳತೆಗಳು

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಸೆಲ್ಫ್ ತಗೊಳ್ತಿಲ್ಲ. ಅದಕ್ಕೆ ಸಿಗುವ ಉತ್ತರವೂ ಬಹುಪಾಲು ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ನಾನೂ ಹಾಕಿಸಿದೆ. ಹತ್ತೇ ದಿನ, ಒಂದು ದೊಡ್ಡ ಮಳೆ ಬಿದ್ದ ಮರುದಿನ, ಮತ್ತೆ ಅದೇ ಟಕ್ ಟಕ್. ಕೊನೆಗೆ ತಪ್ಪು ಸಿಕ್ಕಿದ್ದು ಬ್ಯಾಟರಿಯಿಂದ ಎರಡು ಅಡಿ ದೂರದಲ್ಲಿ: ಇಂಜಿನ್ನಿನಿಂದ ಕಾರಿನ ಲೋಹದ ಬಾಡಿಗೆ ಬರುವ, ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿಯಾದ ಅರ್ತಿಂಗ್ ಪಟ್ಟಿಯ ಬೋಲ್ಟಿನ ಅಡಿಯಲ್ಲಿದ್ದ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬಿಗಿದೆ, ಸರಿಹೋಯಿತು. ಅಷ್ಟರಲ್ಲಿ ಚೆನ್ನಾಗಿಯೇ ಇದ್ದಿರಬಹುದಾದ ಹಳೆಯ ಬ್ಯಾಟರಿ ವಿನಿಮಯದಲ್ಲಿ ಹೋಗಿಯಾಗಿತ್ತು. ಆ ಹೊಟ್ಟೆಯುರಿಯಲ್ಲಿ ಕುಳಿತು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಹಳೆಯ ಟೂತ್‌ಬ್ರಷ್, ಅಡುಗೆ ಸೋಡಾ, ಮರಳು ಕಾಗದ. ಕೈಯ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದರಲ್ಲಿ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕೆಂಡವಾಗುತ್ತದೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳ ಗೊಡವೆಗೇ ಹೋಗಬೇಡಿ. ಅವು ಹೈ ವೋಲ್ಟೇಜಿನವು, ಈ ಟಿಪ್ಪಣಿಯ ವ್ಯಾಪ್ತಿಗೆ ಬರುವುದಿಲ್ಲ.

12.6 ಎಲ್ಲಿಂದ ಬಂತು

ಕಾರಿನ ಬ್ಯಾಟರಿ ಅಂದರೆ ಒಂದೇ ಡಬ್ಬದೊಳಗೆ ಸಾಲಾಗಿ ಜೋಡಿಸಿದ ಆರು ಸೆಲ್‌ಗಳು. ಪ್ರತಿಯೊಂದರಲ್ಲೂ ಸೀಸದ ಡೈಆಕ್ಸೈಡ್ ಇರುವ ಪ್ಲಸ್ ತಗಡು, ಸ್ಪಂಜಿನಂಥ ಶುದ್ಧ ಸೀಸದ ಮೈನಸ್ ತಗಡು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಒಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ, ಆರು ಸೇರಿ 12.6. ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಮಾಡಿದ ಈ ಜೋಡಣೆಯ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ.

ಬ್ಯಾಟರಿ ಖಾಲಿಯಾಗುವಾಗ ಎರಡೂ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗಿ ನೀರಿನತ್ತ ವಾಲುತ್ತದೆ. ಚಾರ್ಜ್ ಮಾಡಿದಾಗ ಇದೇ ಕ್ರಿಯೆ ಹಿಂದಕ್ಕೆ ಓಡುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿಬಿಡುತ್ತದೆ, ಮತ್ತೆ ಕರಗಲು ಒಪ್ಪುವುದಿಲ್ಲ. "ರಜೆಗೆ ಊರಿಗೆ ಹೋಗಿ ಬಂದೆವು, ಬ್ಯಾಟರಿ ಸತ್ತಿತ್ತು, ಚಾರ್ಜ್ ಮಾಡಿಸಿದರೂ ಮೊದಲಿನ ಹಾಗಿಲ್ಲ" ಎನ್ನುವ ದೂರಿನ ಹಿಂದೆ ಇರುವುದು ಈ ಹರಳು.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎರಡು ಕಡ್ಡಿಗಳನ್ನು ಟರ್ಮಿನಲ್‌ಗಳಿಗೆ ಹಿಡಿಯಿರಿ. ಕಾರು ರಾತ್ರಿಯಿಡೀ ನಿಂತಿರಬೇಕು. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ತಗಡುಗಳ ಮೇಲ್ಮೈಯಲ್ಲಿ ಉಳಿದ ಚಾರ್ಜ್ ಸುಳ್ಳು ಹೇಳುತ್ತದೆ. 12.6 ಅಂದರೆ ಭರ್ತಿ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 12 ಬರುತ್ತಿದೆಯಲ್ಲ, 12 ವೋಲ್ಟ್ ಬ್ಯಾಟರಿ ತಾನೇ, ಸರಿಯಿದೆ ಅಂದುಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು. 10.5ರ ಆಸುಪಾಸಿನಲ್ಲೇ ನಿಂತು ಚಾರ್ಜಿಗೂ ಜಗ್ಗದಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದು ಅನುಮಾನಿಸಬಹುದು: 12.6ರಲ್ಲಿ 2.1 ಕಳೆಯಿರಿ, ಲೆಕ್ಕ ಹೊಂದುತ್ತದೆ.

ಈ ಪರೀಕ್ಷೆ ಹೇಳುವುದು ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಮಾತ್ರ. ತೂಬು ತೆರೆದಾಗ ನೀರು ರಭಸದಿಂದ ಬರುತ್ತದೆಯೇ ಎಂದು ತಿಳಿಯಲು ಭಾರ ಹಾಕಿ, ಅಂದರೆ ಹೆಚ್ಚು ಕರೆಂಟ್ ಎಳೆಯುವಂತೆ ಮಾಡಿಯೇ ನೋಡಬೇಕು.

ಮೊದಲು ಕಿವಿ, ಆಮೇಲೆ ಮೀಟರ್

ಕೀ ತಿರುಗಿಸಿದಾಗ ಬರುವ ಸದ್ದೇ ಅರ್ಧ ರೋಗ ಹೇಳುತ್ತದೆ. ಟಕಟಕಟಕ ಎಂದು ಬೇಗಬೇಗ ಬಡಿದರೆ ಸ್ಟಾರ್ಟರಿಗೆ, ಅಂದರೆ ಇಂಜಿನ್ ತಿರುಗಿಸಿ ಎಬ್ಬಿಸುವ ಮೋಟಾರಿಗೆ, ಸಾಕಷ್ಟು ವೋಲ್ಟೇಜ್ ಸಿಗುತ್ತಿಲ್ಲ. ಸ್ಟಾರ್ಟರಿನ ಸೊಲೆನಾಯ್ಡ್ (ವಿದ್ಯುತ್ಕಾಂತದ ಸ್ವಿಚ್) ಎಳೆದುಕೊಂಡು ಮೋಟಾರಿಗೆ ಕರೆಂಟ್ ಕೊಡುತ್ತದೆ, ಮೋಟಾರು ನುಂಗುವ ರಭಸಕ್ಕೆ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ, ಭಾರ ಇಳಿದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಈ ಆಟ ಸೆಕೆಂಡಿಗೆ ಹಲವು ಸಲ ನಡೆಯುವುದರ ಸದ್ದು ಅದು. ಒಂದೇ ಒಂದು 'ಟಕ್' ಬಂದು ಸುಮ್ಮನಾದರೆ ಸ್ಟಾರ್ಟರ್ ಅಥವಾ ಅದರ ದಪ್ಪ ತಂತಿಯನ್ನು ನೋಡಿ. ಸದ್ದೇ ಇಲ್ಲವೇ? ಬೋನೆಟ್ ಎತ್ತುವ ಮೊದಲು ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೊಮ್ಯಾಟಿಕ್ ಆದರೆ ಗೇರ್ ಪಾರ್ಕಿನಲ್ಲಿದೆಯೇ ನೋಡಿಕೊಳ್ಳಿ. ಕ್ಲಚ್ ಒತ್ತದೆ ಹದಿನೈದು ನಿಮಿಷ ಬೆವರಿದ ಒಬ್ಬರನ್ನು ನಾನು ಚೆನ್ನಾಗಿ ಬಲ್ಲೆ, ಇದನ್ನು ಬರೆಯುತ್ತಿರುವವನೇ.

ಸಂಜೆಯಾಗಿದ್ದರೆ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ದೀಪ ಸಾಯುವಷ್ಟು ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್‌ಗಳ ಕಡೆ ಬೆರಳು ಮಾಡಿ. ದೀಪ ಬೆಳಗುತ್ತಲೇ ಇದ್ದು ಇಂಜಿನ್ ಮಾತ್ರ ತಿರುಗದಿದ್ದರೆ ಕರೆಂಟ್ ಸ್ಟಾರ್ಟರಿಗೆ ಮುಟ್ಟುತ್ತಿಲ್ಲ.

ಮೀಟರ್ ಕಡ್ಡಿಗಳು ಬ್ಯಾಟರಿಯ ಮೇಲೇ ಇರುವಾಗ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅಂಕಿ 9.6ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ ಎರಡು ಸೆಕೆಂಡಿನಲ್ಲಿ ಹೊತ್ತಿಕೊಂಡುಬಿಡುತ್ತದೆ, ಕಣ್ಣಿಗೆ ಅಂಕಿ ಸಿಗುವುದಿಲ್ಲ. ಮೊಬೈಲಿನಲ್ಲಿ ಮೀಟರಿನ ವಿಡಿಯೊ ತೆಗೆದು ನಿಧಾನವಾಗಿ ನೋಡುವುದು ನಾನು ಕಂಡುಕೊಂಡ ದಾರಿ. ಇಂಜಿನ್ ಹೊತ್ತದಿದ್ದರೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಸ್ಟಾರ್ಟರ್ ಸುಡುತ್ತದೆ.

ನಾನು ಮೊದಲೇ ಮಾಡಬೇಕಿದ್ದ ಪರೀಕ್ಷೆ

ಇದನ್ನು ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ. ಸಮಯವಿಲ್ಲದವರು ಉಳಿದದ್ದನ್ನು ಬಿಟ್ಟು ಇದೊಂದನ್ನು ಓದಿದರೂ ಸಾಕು.

ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲೊಂದು ಜೋಡಣೆಯಲ್ಲಿ ತುಕ್ಕು ಹಿಡಿದು 0.01 ಓಮ್ ಅಡ್ಡಿಯಿದೆ. ಒಂದು ಓಮಿನ ನೂರನೇ ಒಂದು ಭಾಗ, ಲೆಕ್ಕಕ್ಕೇ ಇಲ್ಲ ಎನಿಸುತ್ತದೆ. ಗುಣಿಸಿ ನೋಡಿ: 150 × 0.01 = 1.5 ವೋಲ್ಟ್. ಸ್ಟಾರ್ಟರಿಗೆ ಮುಟ್ಟಬೇಕಾದದ್ದರಲ್ಲಿ ಒಂದೂವರೆ ವೋಲ್ಟ್ ಆ ತುಕ್ಕಿನಲ್ಲೇ ಖರ್ಚಾಯಿತು. ಶಕ್ತಿಯ ಲೆಕ್ಕದಲ್ಲಿ ಅದು 225 ವ್ಯಾಟ್, ಎಲ್ಲವೂ ಶಾಖವಾಗಿ. ಆದ್ದರಿಂದಲೇ ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಜೋಡಣೆಗಳನ್ನು ಮುಟ್ಟಿ ನೋಡುವ ಹಳೆಯ ಮೇಸ್ತ್ರಿಗಳ ಉಪಾಯ ಕೆಲಸ ಮಾಡುತ್ತದೆ: ಬಿಸಿಯಾದದ್ದೇ ಕಳ್ಳ.

ಹಾಗಾದರೆ ಮೀಟರಿನ ಓಮ್ ಸ್ಥಾನದಲ್ಲೇ ನೇರವಾಗಿ ಅಳೆಯಬಹುದಲ್ಲ? ಆಗುವುದಿಲ್ಲ. ಮೀಟರಿನ ಕಡ್ಡಿ ತಂತಿಗಳದ್ದೇ 0.2 ಓಮ್ ಇರುತ್ತದೆ, ನಾವು ಹುಡುಕುತ್ತಿರುವುದು ಅದರ ಇಪ್ಪತ್ತನೇ ಒಂದು ಭಾಗ. ಅದೂ ಅಲ್ಲದೆ ಓಮ್ ಸ್ಥಾನದಲ್ಲಿ ಮೀಟರು ಕಳಿಸುವ ಕರೆಂಟ್ ತೀರಾ ಅತ್ಯಲ್ಪ. ನೂರು ಎಳೆಯ ತಂತಿಯಲ್ಲಿ ತೊಂಬತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಅದು 'ಸರಿಯಿದೆ' ಎನ್ನುತ್ತದೆ. ಚರಂಡಿಯಲ್ಲಿ ಒಂದು ಚೊಂಬು ನೀರು ಹರಿಯಿತೆಂದು ಆಷಾಢದ ಮಳೆನೀರೂ ಹರಿದೀತು ಎಂದು ನಂಬಿದ ಹಾಗೆ.

ಹಾಗಾಗಿ ಭಾರವಿರುವಾಗಲೇ ಅಳೆಯಬೇಕು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ, ಕ್ಲಾಂಪಿನ ಮೇಲಲ್ಲ, ಸೀಸದ ಗೂಟದ ಮೇಲೆಯೇ. ಇನ್ನೊಂದು ಕಡ್ಡಿ ಇಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗಿದ್ದರೆ ಅರ್ತಿಂಗ್ ಚೆನ್ನಾಗಿದೆ. ನನ್ನ ಕಾರಿನಲ್ಲಿ ಬಂದದ್ದು 1.4. ಎರಡನೇ ಕಡ್ಡಿಯನ್ನು ಇಂಜಿನ್ನಿನಿಂದ ತೆಗೆದು ಬಾಡಿಗೆ ಹಿಡಿದೆ: 0.05. ಅಂದರೆ ಬ್ಯಾಟರಿಯಿಂದ ಬಾಡಿಯ ತನಕ ದಾರಿ ಸರಿ, ಬಾಡಿಯಿಂದ ಇಂಜಿನ್ನಿನ ನಡುವೆ ಕಳವು. ಅಲ್ಲಿರುವುದು ಆ ಹೆಣೆದ ಪಟ್ಟಿ ಒಂದೇ! ಪ್ಲಸ್ ಕಡೆಗೂ ಇದೇ ಕ್ರಮ, ಪ್ಲಸ್ ಗೂಟದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ. ಅಲ್ಲಿ ಅರ್ಧ ವೋಲ್ಟಿನ ತನಕ ಕ್ಷಮಿಸಬಹುದು.

ಹೊಸ ಬ್ಯಾಟರಿ ಹಾಕಿದಾಗ ಹತ್ತು ದಿನ ಏಕೆ ಸರಿಹೋಗಿತ್ತು ಎನ್ನುವುದೂ ಇದರಿಂದಲೇ ಗೊತ್ತಾಯಿತು. ಹೊಸದು ಭಾರದಡಿಯಲ್ಲಿ ಹಳೆಯದಕ್ಕಿಂತ ಒಂದಿಷ್ಟು ಹೆಚ್ಚು ವೋಲ್ಟೇಜ್ ಹಿಡಿದಿಟ್ಟುಕೊಳ್ಳುತ್ತದೆ. ಆ ಹೆಚ್ಚುವರಿಯನ್ನು ತುಕ್ಕು ತಿಂದುಕೊಂಡಿತು, ರೋಗ ಮುಚ್ಚಿಹೋಯಿತು. ಮಳೆಯಲ್ಲಿ ತುಕ್ಕು ಇನ್ನಷ್ಟು ಬೆಳೆದಾಗ ಮತ್ತೆ ಹೊರಬಿತ್ತು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ನಾಲ್ಕು ತಿಂಗಳ ತೇವದಲ್ಲಿ ಕಾರಿಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಈ ಬೋಲ್ಟ್ ಬಿಚ್ಚಿ ನೋಡುವುದು ಒಳ್ಳೆಯದು. ಅರ್ತಿಂಗ್ ಪೂರ್ತಿ ಕೆಟ್ಟ ಹಳೆಯ ಕಾರುಗಳಲ್ಲಿ ಕರೆಂಟ್ ಬೇರೆ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್‌ಗಳ ಮೂಲಕ ಹರಿದು ಅವು ಬಿಸಿಯಾಗುವುದೂ ಉಂಟು.

ಚಾರ್ಜ್ ಆಗುತ್ತಿದೆಯೇ, ಸೋರುತ್ತಿದೆಯೇ

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ಬರಬೇಕು, ಹೆಡ್‌ಲೈಟ್ ಮತ್ತು ಎ.ಸಿ. ಹಾಕಿದರೂ ಹೆಚ್ಚು ಇಳಿಯಬಾರದು. 12.4 ತೋರಿಸಿ ಕೆಳಗಿಳಿಯುತ್ತಿದ್ದರೆ, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. ಗ್ಯಾರೇಜಿನವರು ಅದನ್ನು ಈಗಲೂ 'ಡೈನಮೋ' ಎಂದೇ ಕರೆಯುವುದು. ಮೊದಲು ಬೆಲ್ಟ್ ಸಡಿಲವಾಗಿದೆಯೇ ನೋಡಿ. 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿಸುತ್ತಿದೆ. ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ಆಗಾಗ ತಗ್ಗಿಸುತ್ತದೆ, ಆದ್ದರಿಂದ ಒಮ್ಮೆ 12.8 ಕಂಡರೆ ಗಾಬರಿ ಬೇಡ, ಐದು ನಿಮಿಷ ಗಮನಿಸಿ. ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು 'ಡೈನಮೋ ಟೆಸ್ಟ್' ಮಾಡುವ ಪದ್ಧತಿಯನ್ನು ದಯವಿಟ್ಟು ಯಾರಿಗೂ ಮಾಡಲು ಬಿಡಬೇಡಿ. ಆಗ ಜಿಗಿಯುವ ವೋಲ್ಟೇಜ್ ಕಾರಿನ ಕಂಪ್ಯೂಟರನ್ನೇ ಬಲಿ ತೆಗೆದುಕೊಳ್ಳಬಹುದು.

ಇನ್ನು ಸೋರಿಕೆ. ಲಾಕ್ ಮಾಡಿ ನಿಂತ ಕಾರೂ ಗಡಿಯಾರ, ಅಲಾರಂ, ರಿಮೋಟಿಗೆಂದು 20ರಿಂದ 50 ಮಿಲಿಆಂಪಿಯರ್ ಕುಡಿಯುತ್ತಲೇ ಇರುತ್ತದೆ. 50 ಎಂದು ಹಿಡಿದರೆ ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. ಸಣ್ಣ ಕಾರಿನ ಬ್ಯಾಟರಿ ಇರುವುದೇ 35! ಲೆಕ್ಕ ಹಾಕಿದ ದಿನ ನನಗೆ ನಗು ಬಂತು, ಕಾರನ್ನು ತಿಂಗಳು ನಿಲ್ಲಿಸಿ 'ಬ್ಯಾಟರಿ ಕಂಪನಿಯವರು ಮೋಸಗಾರರು' ಎಂದು ಬೈದುಕೊಂಡದ್ದು ನೆನಪಾಗಿ. ಡಿಕ್ಕಿಯ 5 ವ್ಯಾಟ್ ದೀಪ ಆರದೆ ಉಳಿದರೆ ಅದೇ ಬ್ಯಾಟರಿ ಮೂರೂವರೆ ದಿನಕ್ಕೇ ಖಾಲಿ. ಸೋರಿಕೆ ಅಳೆಯಲು ಮೈನಸ್ ತಂತಿ ಬಿಚ್ಚಿ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ನಡುವೆ ಜೋಡಿಸಬೇಕು. ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರ್‌ಗಳು ನಿದ್ದೆ ಹೋಗಲು ಅಷ್ಟು ಹೊತ್ತು ಬೇಕು. ಮೀಟರ್ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಅಂಕಿ ಹೆಚ್ಚಿದ್ದರೆ ಕಾರಿನ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಆ ಸಾಲಿನಲ್ಲಿ ಹುಡುಕಿ. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಮ್ಯೂಸಿಕ್ ಸಿಸ್ಟಂಗಳ ಮೇಲೆ ನನ್ನ ಮೊದಲ ಅನುಮಾನ.

ಬಿಚ್ಚುವ ಕ್ರಮ, ಜಂಪ್ ಕೊಡುವ ಕ್ರಮ

ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಕಾರಿನ ಬಾಡಿಯೆಲ್ಲ ಮೈನಸ್‌ಗೆ ಸೇರಿರುವುದರಿಂದ ಪ್ಲಸ್ ಬಿಚ್ಚುತ್ತಿರುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ನೇರ ಶಾರ್ಟ್. ಮೈನಸ್ ಮೊದಲೇ ಕಳಚಿದ್ದರೆ ತಗುಲಿದರೂ ಏನಾಗದು. ಟರ್ಮಿನಲ್ ಮೇಲಿನ ಬಿಳಿ, ನೀಲಿ-ಹಸಿರು ಬೂಷ್ಟಿಗೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕರಗಿಸಿ ಬ್ರಷ್ ಮಾಡಿ, ನೊರೆ ನಿಂತರೆ ಆಮ್ಲ ತೀರಿತು. ಸೋಡಾ ನೀರು ಸೆಲ್ಲಿನ ಮುಚ್ಚಳದೊಳಗೆ ಇಳಿಯದಿರಲಿ. ಒಣಗಿಸಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಗುರುತಿನ ತನಕ ಮಾತ್ರ.

ಜಂಪ್ ಕೊಡುವಾಗ, ಅಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ, ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕಬೇಡಿ, ಆ ಕಾರಿನ ಇಂಜಿನ್ನಿನ ಲೋಹಕ್ಕೆ, ದೂರದಲ್ಲಿ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರಬಹುದು.

ಅಳತೆಗಳೆಲ್ಲ ಮುಗಿದು ತಪ್ಪು ಬ್ಯಾಟರಿಯದ್ದೇ ಎಂದು ಖಾತ್ರಿಯಾದರೆ ಬದಲಿಸಲೇಬೇಕು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಬ್ಯಾಟರಿ ಬೇಗ ಮುಪ್ಪಾಗುವುದು ಸಹಜ. 38ಬಿ20ಎಲ್ ಥರದ ಸಂಕೇತದಲ್ಲಿ 20 ಎನ್ನುವುದು ಸೆಂಟಿಮೀಟರಿನಲ್ಲಿ ಉದ್ದ, ಕೊನೆಯ ಎಲ್ ಅಥವಾ ಆರ್ ಎನ್ನುವುದು ಟರ್ಮಿನಲ್ ಯಾವ ಬದಿಗೆ ಎಂದು. ಇದು ತಪ್ಪಿದರೆ ಕೇಬಲ್ ಮುಟ್ಟುವುದೇ ಇಲ್ಲ. ನಿಂತಲ್ಲೆಲ್ಲ ತಾನೇ ಇಂಜಿನ್ ಆರಿಸಿಕೊಳ್ಳುವ ಕಾರಿಗೆ ಕಂಪನಿ ಕೊಟ್ಟಿದ್ದ ಬಗೆಯದನ್ನೇ ಹಾಕಿ, ಸಾಧಾರಣದ್ದು ತಾಳುವುದಿಲ್ಲ. ಹಳೆಯದನ್ನು ಅಂಗಡಿಗೇ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಅದನ್ನೇ ಬಯಸುತ್ತವೆ, ಸೀಸ ಮತ್ತು ಆಮ್ಲ ಹಿತ್ತಲಿಗೆ ಬೀಳುವ ವಸ್ತುಗಳಲ್ಲ.

ನನ್ನ ಗ್ಲೋವ್ ಬಾಕ್ಸಿನಲ್ಲಿ ಈಗ ಒಂದು ಪುಟ್ಟ ನೋಟ್‌ಬುಕ್ ಇದೆ. ಮೂರು ತಿಂಗಳಿಗೊಮ್ಮೆ ನಾಲ್ಕು ಅಂಕಿ ಬರೆಯುತ್ತೇನೆ: ನಿಂತಾಗಿನದು, ಸೆಲ್ಫ್ ಹೊಡೆದಾಗಿನದು, ಇಂಜಿನ್ ಓಡುವಾಗಿನದು, ಅರ್ತಿಂಗಿನದು. ಕೊನೆಯ ಸಾಲು ಹೀಗಿದೆ: 12.5, 10.4, 14.2, 0.11.