ಗೇಮ್ ಲ್ಯಾಗ್ ಆದರೆ ಪ್ರೊಸೆಸರನ್ನು ಬೈಯಬೇಡಿ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಸ್ವಂತ ಗೇಮ್ ಬರೆಯಲು ಹೊರಟ ಹುಡುಗರದ್ದು ಒಂದೇ ದೂರು: ಲ್ಯಾಗ್ ಆಗ್ತದೆ (ಆಟ ತಡೆತಡೆದು ಓಡ್ತದೆ), ಪ್ರೊಸೆಸರ್ ಸಾಲದು. ಶಾಲೆಯ ಐಟಿ ಪಾಠದಲ್ಲಿ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಮುಂದೆ ಬಂದ ಮಕ್ಕಳು ಇವರು. ಈ ನಂಬಿಕೆ ಅವರ ತಲೆಯಲ್ಲಿ ಬೇರೂರಬಾರದು. ಟಿವಿಗೆ ಜೋಡಿಸಿ ಆಡುವ ಕೆಲವು ಹಳೆಯ ಗೇಮ್ ಕನ್ಸೋಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

1997ರಲ್ಲಿ ಸೋನಿ ಅಮೆರಿಕ, ಯುರೋಪಿನ ಹವ್ಯಾಸಿಗಳಿಗೆ ನೆಟ್ ಯಾರೋಜೆ ಎಂಬ ಕಪ್ಪು ಬಣ್ಣದ ಪ್ಲೇಸ್ಟೇಷನ್ ಮಾರಿತು. ಪಿಸಿಯಲ್ಲಿ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಸೀರಿಯಲ್ ಕೇಬಲ್ ಮೂಲಕ ಕನ್ಸೋಲಿಗೆ ಇಳಿಸಬೇಕು. ಮುಖ್ಯ ಮೆಮೊರಿ ಬರೇ 2 ಮೆಗಾಬೈಟ್. ದಶಮಾಂಶದ ಲೆಕ್ಕ ಮಾಡುವ ಫ್ಲೋಟಿಂಗ್ ಪಾಯಿಂಟ್ ಘಟಕ ಇಲ್ಲ. ಒಂದನ್ನು 4096 ಎಂದು, ಅರ್ಧವನ್ನು 2048 ಎಂದು ಇಟ್ಟುಕೊಂಡು ಪೂರ್ಣಾಂಕದಲ್ಲೇ ಲೆಕ್ಕ ಮುಗಿಸಬೇಕು. ಅದಕ್ಕೂ ಹಿಂದೆ, 1984ರಲ್ಲಿ, ನಿಂಟೆಂಡೊ ತನ್ನ ಗೇಮ್ ಕನ್ಸೋಲ್ ಫ್ಯಾಮಿಕಾಮ್‌ಗೆ ಕೀಬೋರ್ಡ್ ಸಮೇತ ಫ್ಯಾಮಿಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಸಾಧನ ತಂದಿತ್ತು. ಅದರಲ್ಲಿ ಬಳಕೆದಾರನ ಪ್ರೋಗ್ರಾಮಿಗೆ ಸಿಗುತ್ತಿದ್ದುದು ಸುಮಾರು 2 ಕಿಲೋಬೈಟ್, ಉಳಿಸಿಡಲು ಕ್ಯಾಸೆಟ್. ಅಷ್ಟರಲ್ಲೂ ಜನ ಆಟ ಕಟ್ಟಿದರು!

2006ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಗೇಮ್ ಬರೆಯುವ ಸಾಧನವಾದ ಎಕ್ಸ್‌ಎನ್‌ಎ ಗೇಮ್ ಸ್ಟುಡಿಯೋ ಎಕ್ಸ್‌ಪ್ರೆಸ್ ಬಿಡುಗಡೆ ಮಾಡಿತು. ಸಿ ಶಾರ್ಪ್ ಭಾಷೆ; ವರ್ಷಕ್ಕೆ 99 ಡಾಲರ್ ಕಟ್ಟಿದರೆ ನಿಮ್ಮ ಆಟ ನಿಮ್ಮದೇ ಎಕ್ಸ್‌ಬಾಕ್ಸ್ 360ರಲ್ಲಿ ಓಡುತ್ತಿತ್ತು. 3.2 ಗಿಗಾಹರ್ಟ್ಸಿನ ಮೂರು ಕೋರ್, 512 ಮೆಗಾಬೈಟ್ ಮೆಮೊರಿ. ಆದರೂ ಪಿಸಿಯಲ್ಲಿ ನೀರು ಹರಿದಂತೆ ಓಡಿದ ಅದೇ ಕೋಡ್ ಕನ್ಸೋಲಿನಲ್ಲಿ ಆಗಾಗ ಜಗ್ಗುತ್ತಿತ್ತು.

ಕಾರಣ ಗಾರ್ಬೇಜ್ ಕಲೆಕ್ಟರ್, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವ ವ್ಯವಸ್ಥೆ. ಸಿ ಭಾಷೆಯಲ್ಲಿ ಮೆಮೊರಿಯನ್ನು ತೆಗೆದುಕೊಳ್ಳುವವರೂ ಹಿಂದಿರುಗಿಸುವವರೂ ನೀವೇ. ಸಿ ಶಾರ್ಪ್‌ನಲ್ಲಿ ಆ ಕೆಲಸ ರನ್‌ಟೈಮಿನದು (ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶದ್ದು). ಅನುಪತ್ಯದ (ಸಮಾರಂಭದ) ಊಟದಲ್ಲಿ ಒಂದು ಹಂತಿ (ಪಂಕ್ತಿ) ಎದ್ದ ಮೇಲೆ ಎಲೆ ತೆಗೆಯುವ ತನಕ ಮುಂದಿನ ಹಂತಿ ಕೂರುವಂತಿಲ್ಲ, ಬಡಿಸುವವರು ಸೌಟು ಹಿಡಿದು ನಿಲ್ಲಲೇಬೇಕು. ಎಕ್ಸ್‌ಬಾಕ್ಸಿನಲ್ಲೂ ಹೀಗೆಯೇ: ಪ್ರತಿ 1 ಮೆಗಾಬೈಟ್ ಹೊಸ ಮೆಮೊರಿ ಬಳಕೆಯಾದಾಗ ಆಟ ನಿಂತು ಸಫಾಯಿ ನಡೆಯುತ್ತಿತ್ತು. ಪ್ರತಿ ಫ್ರೇಮಿಗೆ (ಪರದೆಯ ಒಂದು ಚಿತ್ರಕ್ಕೆ) 10 ಕಿಲೋಬೈಟ್ ಬಳಸಿದರೆ ಸೆಕೆಂಡಿಗೆ 60 ಫ್ರೇಮಿನ ವೇಗದಲ್ಲಿ ಎರಡು ಸೆಕೆಂಡು ತುಂಬುವುದರೊಳಗೆ ಒಂದು ಸಫಾಯಿ. ಒಂದು ಫ್ರೇಮಿಗೆ ಇರುವ ಸಮಯ ಸುಮಾರು 16.7 ಮಿಲಿಸೆಕೆಂಡ್, ಸಫಾಯಿ ಅದನ್ನು ಮೀರಿದರೆ ಆಟ ಜಗ್ಗಿತೆಂದೇ ಲೆಕ್ಕ.

ಪಿಸಿಯ ಕಲೆಕ್ಟರ್ ಹೊಸ ವಸ್ತುಗಳನ್ನು (ಪ್ರೋಗ್ರಾಮ್ ಮೆಮೊರಿಯಲ್ಲಿ ಸೃಷ್ಟಿಸಿದವನ್ನು) ಪ್ರತ್ಯೇಕ ಇಟ್ಟು ಮೊದಲು ಅವನ್ನಷ್ಟೇ ನೋಡುತ್ತದೆ. ಎಕ್ಸ್‌ಬಾಕ್ಸಿನದಕ್ಕೆ ಹಳತು ಹೊಸತು ಎಂಬ ಭೇದ ಇರಲಿಲ್ಲ. ಬಳಕೆಯಲ್ಲಿರುವ ಎಲ್ಲವನ್ನೂ ಪ್ರತಿ ಸಲ ತಡಕಬೇಕಿತ್ತು. ಹಾಗಾಗಿ ಸಮಯ ತಿನ್ನುತ್ತಿದ್ದುದು ಕಸಕ್ಕಿಂತ ಹೆಚ್ಚಾಗಿ ಉಳಿದುಕೊಂಡ ವಸ್ತುಗಳ ಸಂಖ್ಯೆ. ಇದು ತಿಳಿದವರು ಇನ್ನೂರು ಗುಂಡುಗಳನ್ನು ಆಟ ಶುರುವಾಗುವ ಮೊದಲೇ ಸೃಷ್ಟಿಸಿ, ಅವನ್ನೇ ಮತ್ತೆ ಮತ್ತೆ ಹಾರಿಸಿದರು; ಹೊಸ ಮೆಮೊರಿ ಬೇಕಾಗದಿದ್ದರೆ ಸಫಾಯಿಯ ಸರದಿಯೇ ಬಾರದು. ಯಾರೋಜೆಯ ಹುಡುಗರು ಮೆಮೊರಿಯ ಬಡತನದಿಂದ ಕಲಿತ ಶಿಸ್ತೂ ಇದುವೇ.

ಕಲಿಯುವವರು ಸಿ ಶಾರ್ಪ್‌ನಿಂದಲೇ ಶುರು ಮಾಡಲಿ, ನನ್ನ ಮತ ಅದೇ. ಎಕ್ಸ್‌ಎನ್‌ಎ ನಿಂತರೂ ಅದೇ ಮಾದರಿಯ ಮೊನೊಗೇಮ್ ಉಚಿತವಾಗಿ ಸಿಗುತ್ತದೆ. ಜಿಸಿ.ಕಲೆಕ್ಷನ್‌ಕೌಂಟ್(0) ಕೊಡುವ ಅಂಕಿಯನ್ನು (ಈ ತನಕ ಎಷ್ಟು ಸಫಾಯಿ ಆಯಿತೆಂಬ ಲೆಕ್ಕ) ಪರದೆಯ ಮೂಲೆಯಲ್ಲಿ ತೋರಿಸಿ ಆಡಿ. ಅದು ಏರುತ್ತಲೇ ಇದ್ದರೆ ಮೊದಲು ಸ್ಕೋರ್ ಬರೆಯುವ ಸಾಲು ನೋಡಿ: ಪ್ರತಿ ಫ್ರೇಮಿನಲ್ಲೂ ಅಕ್ಷರಕ್ಕೆ ಅಂಕಿ ಜೋಡಿಸಿದರೆ ಪ್ರತಿ ಸಲವೂ ಹೊಸ ಸ್ಟ್ರಿಂಗ್ (ಅಕ್ಷರಗಳ ಸರಣಿ) ಹುಟ್ಟುತ್ತದೆ. ಸ್ಕೋರ್ ಬದಲಾದಾಗ ಮಾತ್ರ ಅದನ್ನು ಕಟ್ಟಿ, ಅಂಕಿ ಏರುವ ವೇಗ ಎಷ್ಟು ಇಳಿಯಿತೆಂದು ನೋಡಿ.