ಮೇಲಿಂದ ಬೀಳದ ಮಂಜು

ಡಿಸೆಂಬರ್ ಕೊನೆ ಬಂತೆಂದರೆ ರಾತ್ರಿ ಮಲಗುವ ಮುಂಚೆ ನನಗೆ ಒಂದು ಕೆಲಸ ಜಾಸ್ತಿಯಾಗುತ್ತದೆ. ಅಂಗಳದಲ್ಲಿರುವ ಸ್ಕೂಟರಿಗೆ ಹಳೇ ಜಮಖಾನ ಹೊದಿಸಬೇಕು. ಮರೆತರೆ ಬೆಳಿಗ್ಗೆ ಸೀಟಿನ ಮೇಲೆ ಯಾರೋ ಪುಡಿ ಸಕ್ಕರೆ ಸುರಿದು ಹೋದ ಹಾಗೆ ಬೆಳ್ಳಗಾಗಿರುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ, ಕೆರೆಯಬೇಕು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಅವಸರದಲ್ಲಿ ಒಲೆಯ ಮೇಲಿದ್ದ ಬಿಸಿನೀರು ತಂದು ಸೀಟಿಗೂ ಕನ್ನಡಿಗೂ ಸುರಿದೆ. ಕನ್ನಡಿ ಟಪ್ ಅಂತ ಬಿರುಕು ಬಿಟ್ಟಿತು. ಗಾಜಿನ ಒಂದು ಕಡೆ ಬಿಸಿಯಾಗಿ ಹಿಗ್ಗಿತು, ಪಕ್ಕದ ಭಾಗ ಇನ್ನೂ ಕೊರೆಯುತ್ತಿತ್ತು. ಆ ಎಳೆದಾಟ ಗಾಜಿಗೆ ತಡೆಯುವುದಿಲ್ಲ.

ನಾನು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ನೀಲಗಿರಿಗೆ ಬಂದವಳು. ನಮ್ಮ ಮನೆ ಇರುವುದು ತಲೈಕುಂದಾದಲ್ಲಿ. ಊಟಿಯಿಂದ ಬರುವ ರಸ್ತೆ ಗೂಡಲೂರಿಗೊಂದು, ಕಲ್ಹಟ್ಟಿ ಇಳಿದು ಮಸಿನಗುಡಿಗೊಂದು ಅಂತ ಕವಲೊಡೆಯುವ ಜಾಗ. ಮೈಸೂರಿನಿಂದ ಬಂಡೀಪುರ ದಾಟಿ ಊಟಿಗೆ ಬಂದವರೆಲ್ಲ ಇದನ್ನು ನೋಡಿರುತ್ತಾರೆ. ನನ್ನ ಕೆಲಸ ಊಟಿ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ. ಏಳು ಗಂಟೆಗೆ ಮನೆ ಬಿಡುತ್ತೇನೆ. ವರ್ಷದಲ್ಲಿ ಕೆಲವು ಬೆಳಿಗ್ಗೆ ದಾರಿಯ ಎರಡೂ ಕಡೆ ಹುಲ್ಲು ಬೆಳ್ಳಗಿರುತ್ತದೆ.

ಆ ದಿನ ಫೋನಿನಲ್ಲಿ ಎಲ್ಲರೂ ಕೇಳುವುದು ಒಂದೇ. “ಊಟಿಯಲ್ಲಿ ಹಿಮ ಬಿತ್ತಂತೆ, ಹೌದಾ?” ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಏನೂ ಬಿದ್ದಿರುವುದಿಲ್ಲ. ನಿಜವಾದ ಹಿಮ ಮೋಡದಲ್ಲಿ ಹುಟ್ಟಿ ಕೆಳಗೆ ಬೀಳುತ್ತದೆ. ಊಟಿಯ ಬಿಳುಪು ಹುಲ್ಲಿನ ಎಸಳಿನ ಮೇಲೆಯೇ ಹುಟ್ಟಿದ್ದು. ಅದಕ್ಕೆ ಮೋಡ ಬೇಡ. ಮೋಡ ಇದ್ದರೆ ಅದು ಹುಟ್ಟುವುದೇ ಕಷ್ಟ. ತಮಿಳಿನಲ್ಲಿ ಇದಕ್ಕೆ ‘ಉರೈಪನಿ’ ಅನ್ನುತ್ತಾರೆ, ಅಂದರೆ ಹೆಪ್ಪುಗಟ್ಟಿದ ಇಬ್ಬನಿ. ಅವರ ಪನಿ, ನಮ್ಮ ಹನಿ, ಒಂದೇ ಬೇರಿನ ಮಾತುಗಳು. ಕನ್ನಡದಲ್ಲಿ ನಾವು ಎಲ್ಲಕ್ಕೂ ಮಂಜು ಅಂದುಬಿಡುತ್ತೇವೆ.

ಹಾಗಾದರೆ ಸಮಭಾಜಕದಿಂದ ಬರೀ 11 ಡಿಗ್ರಿ ದೂರದಲ್ಲಿರುವ ಊರಿನಲ್ಲಿ ಹುಲ್ಲು ಹೆಪ್ಪುಗಟ್ಟುವಷ್ಟು ತಣ್ಣಗಾಗುವುದು ಹೇಗೆ? ಎತ್ತರ ಒಂದು ಕಾರಣ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಆದರೆ ಇಷ್ಟೇ ಕಾರಣವಾಗಿದ್ದರೆ ಇನ್ನೂ ಎತ್ತರದ ದೊಡ್ಡಬೆಟ್ಟದ ತುದಿಯಲ್ಲೇ ಜಾಸ್ತಿ ಬಿಳುಪು ಇರಬೇಕಿತ್ತು, ಅಲ್ವಾ? ಬಿಳುಪು ಜಾಸ್ತಿ ಕಾಣುವುದು ತಗ್ಗಿನಲ್ಲಿ. ತಲೈಕುಂದಾದ ಬಯಲಿನಲ್ಲಿ, ಊಟಿಯ ರೇಸ್ ಕೋರ್ಸಿನಲ್ಲಿ.

ಇದರ ಉತ್ತರ ಇರುವುದು ಆಕಾಶದಲ್ಲಿ.

ಯಾವ ವಸ್ತುವಾದರೂ ಸರಿ, ಅದರಿಂದ ಶಾಖ ಕಣ್ಣಿಗೆ ಕಾಣದ ಕಿರಣವಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಗೋಡೆ, ಹುಲ್ಲು, ನಮ್ಮ ಅಂಗೈ, ಯಾವುದೂ ಇದಕ್ಕೆ ಹೊರತಲ್ಲ. ಒಲೆಯ ಎದುರು ಕೂತರೆ ಮುಖಕ್ಕೆ ತಾಗುವುದು ಇದೇ. ಹುಲ್ಲು ರಾತ್ರಿಯಿಡೀ ಆಕಾಶಕ್ಕೆ ಶಾಖ ಕೊಡುತ್ತದೆ. ಮೋಡ ಇದ್ದರೆ ಅದು ಬಹುಪಾಲನ್ನು ವಾಪಸ್ ಕೊಡುತ್ತದೆ. ಮೋಡವಿಲ್ಲದ ಒಣ ರಾತ್ರಿ ವಾಪಸ್ ಬರುವುದು ಕಡಿಮೆ. ಅಂಥ ರಾತ್ರಿ ಒಂದು ಚದರ ಮೀಟರ್ ನೆಲ ಸುಮಾರು 60ರಿಂದ 100 ವ್ಯಾಟ್ ಕಳೆದುಕೊಳ್ಳುತ್ತದೆ. ಹಳೇ ಕಾಲದ ಒಂದು ಬಲ್ಬ್ ಬೆಳಗಾಗುವವರೆಗೆ ಉರಿದಷ್ಟು. ನಮ್ಮ ಎತ್ತರದಲ್ಲಿ ತಲೆಯ ಮೇಲಿನ ಗಾಳಿಯೂ ತೆಳು, ಚಳಿಗಾಲದಲ್ಲಿ ಅದರಲ್ಲಿ ನೀರಾವಿಯೂ ಕಡಿಮೆ. ಅಂದರೆ ಹೊದಿಕೆಯೂ ತೆಳು.

ಹುಲ್ಲಿನ ಎಸಳು ಸಣ್ಣದು. ಅದರೊಳಗೆ ಕೂಡಿಟ್ಟ ಶಾಖ ಸ್ವಲ್ಪವೇ. ಬುಡದಲ್ಲಿ ಎಸಳುಗಳ ನಡುವೆ ಗಾಳಿ ತುಂಬಿರುವುದರಿಂದ ಮಣ್ಣಿನ ಬಿಸಿ ಮೇಲಿನ ತುದಿಗೆ ಸರಿಯಾಗಿ ತಲುಪುವುದಿಲ್ಲ. ಹೀಗಾಗಿ ಹುಲ್ಲಿನ ತುದಿ ಸುತ್ತಲಿನ ಗಾಳಿಗಿಂತ ಎಷ್ಟೋ ಡಿಗ್ರಿ ಕೆಳಗೆ ಹೋಗುತ್ತದೆ. ಟಿವಿಯಲ್ಲಿ “ಊಟಿಯಲ್ಲಿ 3 ಡಿಗ್ರಿ” ಅಂತ ಬಂದ ದಿನವೇ ಹುಲ್ಲು ಬೆಳ್ಳಗಿರುತ್ತದೆ. ಸುಳ್ಳಲ್ಲ, ಎರಡೂ ಸರಿ. ಹವಾಮಾನದವರ ಥರ್ಮಾಮೀಟರ್ ನೆಲದಿಂದ ಒಂದು ಮೀಟರಿಗಿಂತ ಮೇಲೆ, ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ಅದು ಗಾಳಿಯ ಚಳಿ ಹೇಳುತ್ತದೆ, ಹುಲ್ಲಿನ ಚಳಿ ಅಲ್ಲ. ಡಾಂಬರು ರಸ್ತೆ ಮಾತ್ರ ಕರ್ರಗೇ ಉಳಿಯುತ್ತದೆ. ಅದರ ಕೆಳಗೆ ಗಟ್ಟಿ ನೆಲ ಇದೆ, ಹಗಲಿನ ಬಿಸಿ ಕೆಳಗಿನಿಂದ ನಿಧಾನಕ್ಕೆ ಬರುತ್ತಾ ಇರುತ್ತದೆ. ಕಿರುಸೇತುವೆಗಳ ಮೇಲೆ ನಾನು ಸ್ಕೂಟರ್ ನಿಧಾನ ಮಾಡುವುದು ಇದಕ್ಕೇ. ಅಲ್ಲಿ ರಸ್ತೆಯ ಕೆಳಗೆ ನೆಲ ಇಲ್ಲ, ಗಾಳಿ ಇದೆ.

ಇದನ್ನು ಮೊದಲು ಸರಿಯಾಗಿ ಬಿಡಿಸಿ ಹೇಳಿದವರು ಲಂಡನ್ನಿನಲ್ಲಿದ್ದ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಅವರು ರಾತ್ರಿಗಳನ್ನು ಒಂದು ತೋಟದಲ್ಲಿ ಕಳೆದರು. ಕೈಯಲ್ಲಿ ಇದ್ದದ್ದು ಥರ್ಮಾಮೀಟರ್, ತೂಕ ಮಾಡಿದ ಉಣ್ಣೆಯ ಉಂಡೆಗಳು, ಒಂದು ಹಲಗೆ. ಹಲಗೆಯನ್ನು ಕಾಲುಗಳ ಮೇಲೆ ನಿಲ್ಲಿಸಿ, ಮೇಲ್ಮೈಗೆ ಒಂದು ಉಂಡೆ, ಕೆಳಮೈಗೆ ಅಷ್ಟೇ ತೂಕದ ಇನ್ನೊಂದು ಉಂಡೆ ಅಂಟಿಸಿದರು. ಬೆಳಿಗ್ಗೆ ತೂಗಿ ನೋಡಿದರೆ ಆಕಾಶ ಕಂಡ ಉಂಡೆ ಚೆನ್ನಾಗಿ ನೆನೆದಿತ್ತು, ಹಲಗೆಯ ಮರೆಯಲ್ಲಿದ್ದದ್ದು ಅದಕ್ಕಿಂತ ಬಹಳ ಕಡಿಮೆ. ಇಬ್ಬನಿ ಬೀಳುವುದರಿಂದ ವಸ್ತು ತಣ್ಣಗಾಗುವುದಲ್ಲ, ವಸ್ತು ಮೊದಲು ತಣ್ಣಗಾಗುವುದರಿಂದ ಇಬ್ಬನಿ ಕೂರುತ್ತದೆ ಅಂತ 1814ರಲ್ಲಿ ಪ್ರಕಟಿಸಿದರು. ಉಣ್ಣೆ ಮತ್ತು ಹಲಗೆ ಇಟ್ಟುಕೊಂಡು ಇಷ್ಟು ದೊಡ್ಡ ಮಾತನ್ನು ಹಿಡಿದ ಆ ತಾಳ್ಮೆಯ ಮೇಲೆ ನನಗೆ ತುಂಬಾ ಪ್ರೀತಿ.

ಅದಕ್ಕಿಂತ ಮುಂಚೆಯೇ ನಮ್ಮ ದೇಶದವರು ಇದನ್ನು ಕಸುಬಾಗಿ ಮಾಡಿಕೊಂಡಿದ್ದರು. ಅಲಹಾಬಾದಿನ ಕಡೆ ಚಳಿಗಾಲದಲ್ಲಿ ಬಯಲಿನಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣಗಿದ ಕಬ್ಬಿನ ಜಲ್ಲೆ, ಜೋಳದ ದಂಟು ಹಾಸುತ್ತಿದ್ದರು. ಅದರ ಮೇಲೆ ಚಪ್ಪಟೆ ಮಣ್ಣಿನ ತಟ್ಟೆಗಳನ್ನಿಟ್ಟು, ಕಾಯಿಸಿ ಆರಿಸಿದ ನೀರನ್ನು ಸಂಜೆ ಸ್ವಲ್ಪ ಸ್ವಲ್ಪ ತುಂಬುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ಮಂಜುಗಡ್ಡೆ ಎತ್ತಿಕೊಳ್ಳುತ್ತಿದ್ದರು. ಸುತ್ತಲಿನ ಗಾಳಿ ಸೊನ್ನೆಗೆ ಇಳಿಯದ ಊರಿನಲ್ಲಿ! ಸರ್ ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದರು. ಕಬ್ಬಿನ ಜಲ್ಲೆ ನೆಲದ ಬಿಸಿ ತಟ್ಟೆಗೆ ತಾಗದ ಹಾಗೆ ತಡೆಯಿತು. ತಟ್ಟೆಯ ನೀರಿನ ಶಾಖ ಆಕಾಶಕ್ಕೆ ಹೋಯಿತು.

ಇದನ್ನು ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಹೋದ ಜನವರಿಯಲ್ಲಿ ನಾನೂ ಮಗಳೂ ಅಂಗಳದಲ್ಲಿ ಹುಲ್ಲು ಹಾಸಿ ಎರಡು ಮಣ್ಣಿನ ತಟ್ಟೆ ಇಟ್ಟೆವು. ಎರಡಕ್ಕೂ ಒಂದೊಂದು ಸೌಟು ನೀರು. ಒಂದರ ಮೇಲೆ ಮೊಣಕಾಲೆತ್ತರದಲ್ಲಿ ಬಿಚ್ಚಿದ ಕೊಡೆ ಕಟ್ಟಿದೆವು. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಹೋದೆವು. ಕೊಡೆಯ ಕೆಳಗಿನ ನೀರು ಬೆರಳಿಟ್ಟರೆ ಅಲುಗಾಡಿತು. ಬಯಲಿನ ತಟ್ಟೆಯಲ್ಲಿ ಗಾಜಿನ ಬಿಲ್ಲೆಯಂಥ ಮಂಜುಗಡ್ಡೆ. ಮಗಳು ಅದನ್ನು ಎತ್ತಿ ಟಾರ್ಚಿಗೆ ಹಿಡಿದಳು. ಒಳಗೆ ಉದ್ದುದ್ದ ಗೆರೆಗಳು, ಜರಿಗಿಡದ ಎಲೆಯ ಹಾಗೆ. ಕೊಡೆ ಬಿಸಿ ಕೊಟ್ಟಿರಲಿಲ್ಲ, ಆಕಾಶವನ್ನು ಮರೆ ಮಾಡಿತ್ತು, ಅಷ್ಟೇ. ನನ್ನ ಸ್ಕೂಟರಿನ ಜಮಖಾನವೂ ಅದನ್ನೇ ಮಾಡುತ್ತದೆ.

ಈಗ ದಾರಿಯುದ್ದಕ್ಕೂ ನನಗೆ ಇದೇ ಕಾಣುತ್ತದೆ. ಬಯಲು ಬೆಳ್ಳಗಿದ್ದರೂ ಸೈಪ್ರಸ್ ಮರದ ಕೆಳಗೆ ದುಂಡಗೆ ಹಸಿರು. ಇಲ್ಲಿನ ಶೋಲಾ ಕಾಡು ಹುಲ್ಲುಗಾವಲಿಗೆ ಸುಲಭವಾಗಿ ಹರಡದೆ ಇರುವುದಕ್ಕೆ ಕಾಡಿನ ಅಧ್ಯಯನ ಮಾಡುವವರು ಕೊಡುವ ಕಾರಣಗಳಲ್ಲಿ ಇದೂ ಒಂದು. ದೊಡ್ಡ ಮರದ ಕೆಳಗೆ ಮೊಳೆತ ಸಸಿ ಬದುಕುತ್ತದೆ. ಬಯಲಿಗೆ ಬಿದ್ದ ಬೀಜ ಮೊಳೆತರೂ ಚಳಿಗಾಲದ ಒಂದು ರಾತ್ರಿ ಸುಟ್ಟುಹೋಗುತ್ತದೆ.

ತಗ್ಗಿನ ಲೆಕ್ಕ ಬೇರೆ. ತಣ್ಣನೆಯ ಗಾಳಿ ಭಾರ. ಬೆಟ್ಟದ ಮೈ ತಣ್ಣಗಾದಾಗ ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಕೆರೆ. ಸ್ಕೂಟರಿನಲ್ಲಿ ಇದು ಮೊಣಕಾಲಿಗೆ ಗೊತ್ತಾಗುತ್ತದೆ. ತಗ್ಗಿಗೆ ಇಳಿದ ಕೂಡಲೇ ಸ್ವೆಟರಿನೊಳಗೆ ಚಳಿ ನುಗ್ಗುತ್ತದೆ, ಏರು ಹತ್ತಿದರೆ ಕೆನ್ನೆಗೆ ಬೆಚ್ಚಗಾಗುತ್ತದೆ. ಗಾಳಿ ಬೀಸಿದ ರಾತ್ರಿ ಈ ಕೆರೆ ಕಟ್ಟುವುದಿಲ್ಲ, ಮೇಲಿನ ಬೆಚ್ಚಗಿನ ಗಾಳಿ ಬಂದು ಬೆರೆತುಬಿಡುತ್ತದೆ.

ಇದು ನನಗಿಂತ ಚೆನ್ನಾಗಿ ಗೊತ್ತಿರುವುದು ಪಕ್ಕದ ಮನೆಯ ಅಕ್ಕನಿಗೆ. ಅವರು ಕ್ಯಾರೆಟ್ ಹೊಲಕ್ಕೆ, ಟೀ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ನಾನು ಏಳುವ ಹೊತ್ತಿಗೆ ಅವರು ಗಂಬೂಟು ಹಾಕಿಕೊಂಡು ಹೊರಟಿರುತ್ತಾರೆ. “ಗಾಳಿ ಇದ್ರೆ ಭಯ ಇಲ್ಲ ಕಣವ್ವ. ಗಾಳಿ ಸತ್ತು ಚುಕ್ಕಿ ಪಳಪಳ ಅಂದ್ರೆ ಬೆಳೆ ಸುಟ್ಟೋಯ್ತದೆ” ಅನ್ನುತ್ತಾರೆ. ಇನ್ನೊಂದು ಮಾತನ್ನೂ ಹೇಳಿದರು. “ಬೆಳ್ಳಗೆ ಕೂತ್ರೆ ವಾಸಿ. ಏನೂ ಕೂರದೆ ಚಳಿ ಆದ್ರೆ ಅದು ಜಾಸ್ತಿ ಕೆಟ್ಟದ್ದು.”

ಎರಡನೇ ಮಾತು ನನ್ನನ್ನು ಬಹಳ ದಿನ ಕಾಡಿತು. ಬಿಳುಪು ಅಂದರೆ ಮಂಜುಗಡ್ಡೆ, ಅದು ಕೂತರೆ ಗಿಡಕ್ಕೆ ಹೇಗೆ ಒಳ್ಳೆಯದು? ಲೆಕ್ಕ ನೋಡಿದರೆ ಅಕ್ಕ ಹೇಳಿದ್ದು ಸರಿ. ಗಾಳಿಯ ನೀರಾವಿ ನೀರಾಗದೆ ನೇರವಾಗಿ ಮಂಜುಗಡ್ಡೆಯಾಗುವಾಗ ತನ್ನ ಒಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆವಿ ಹಾಗೆ ಎಲೆಯ ಮೇಲೆ ಕೂತರೆ ಸುಮಾರು 2,800 ಜೂಲ್. ಆರೂವರೆ ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಬಿಸಿಗೆ ತರಲು ಅಷ್ಟು ಸಾಕು. ಆಕಾಶ ಎಳೆದುಕೊಳ್ಳುವ ಶಾಖದಲ್ಲಿ ಒಂದಿಷ್ಟನ್ನು ಈ ಆವಿ ತುಂಬಿಕೊಡುತ್ತದೆ, ಎಲೆ ಇನ್ನೂ ಕೆಳಗಿಳಿಯುವುದು ನಿಧಾನವಾಗುತ್ತದೆ. ಗಾಳಿ ಒಣಗಿದ್ದರೆ ಈ ಸಹಾಯ ಇಲ್ಲ. ಎಲೆ ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ ಏನೂ ಕಾಣುವುದಿಲ್ಲ, ಒಂದೆರಡು ದಿನಕ್ಕೆ ಎಲೆ ಕಪ್ಪಾಗುತ್ತದೆ.

ಗಿಡ ಸಾಯುವ ಬಗೆಯೂ ನಾವು ಊಹಿಸಿದ ಹಾಗಲ್ಲ. ಸಾಮಾನ್ಯವಾಗಿ ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಗೆ ಎಳೆದುಕೊಳ್ಳುತ್ತದೆ. ಕೋಶ ಒಣಗಿ ಮುದುರುತ್ತದೆ, ಅದರ ಪೊರೆ ಹಾಳಾಗುತ್ತದೆ. ಸುತ್ತಲೂ ನೀರಿದ್ದು ಬಾಯಾರಿ ಸಾಯುವ ಸಾವು ಅದು. ಸುಟ್ಟಿತು ಅನ್ನುವ ನಮ್ಮ ಮಾತು ಅದಕ್ಕೇ ಎಷ್ಟು ಹೊಂದುತ್ತದೆ ನೋಡಿ. ಇದನ್ನು ತಡೆಯಲು ಟೀ ಗಿಡಗಳ ಮೇಲೆ ಜರಿಗಿಡ, ಒಣಹುಲ್ಲು ಹೊದಿಸುತ್ತಾರೆ. ತರಕಾರಿಗೆ ಸ್ಪ್ರಿಂಕ್ಲರ್ ಬಿಡುತ್ತಾರೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 334 ಜೂಲ್ ಬಿಟ್ಟುಕೊಡುತ್ತದೆ. ನೀರು ಬೀಳುತ್ತಲೇ ಇದ್ದರೆ ಎಲೆ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಕೆಟ್ಟಿತು.

ಕೆನಡಾದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಕೆಲಸಕ್ಕೆ ಹೋಗುವ ಮುಂಚೆ ಸಲಿಕೆಯಲ್ಲಿ ಹಿಮ ತಳ್ಳುವ ವಿಡಿಯೋ ಕಳಿಸುತ್ತಾನೆ. ಅವನ ರಸ್ತೆಗೆ ಉಪ್ಪು ಹಾಕುತ್ತಾರೆ, ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಆದರೆ ಆ ಮೊಣಕಾಲುದ್ದ ಹಿಮ ನೆಲಕ್ಕೆ ಕಂಬಳಿ. ಹೊಸ ಹಿಮದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಭಾಗ ಗಾಳಿಯೇ ಇರುತ್ತದೆ. ಅದರ ಕೆಳಗೆ ಚಳಿಗಾಲದ ಗೋಧಿ ಬೆಚ್ಚಗೆ ಮಲಗಿರುತ್ತದೆ. ನಮ್ಮ ಕ್ಯಾರೆಟ್ಟಿಗೆ ಅಂಥ ಕಂಬಳಿ ಇಲ್ಲ.

ಏಳೂಕಾಲಿನ ಹೊತ್ತಿಗೆ ಬಿಸಿಲು ಬೆಟ್ಟ ದಾಟಿ ಬಯಲಿಗೆ ಇಳಿಯುತ್ತದೆ. ಬಿಳುಪು ಎಲ್ಲ ಕಡೆ ಒಟ್ಟಿಗೆ ಕರಗುವುದಿಲ್ಲ. ಬಿಸಿಲು ತಾಗಿದ ಕಡೆ ಹುಲ್ಲು ಹಸಿರಾಗುತ್ತದೆ, ಮರದ ನೆರಳು ಬಿದ್ದ ಕಡೆ ಮರದ್ದೇ ಆಕಾರದಲ್ಲಿ ಬಿಳುಪು ಉಳಿಯುತ್ತದೆ. ಬಿಳಿ ನೆರಳು, ರೆಂಬೆ ಸಮೇತ. ಮೊನ್ನೆ ಅಲ್ಲಿ ಒಂದು ನಿಮಿಷ ಸ್ಕೂಟರ್ ನಿಲ್ಲಿಸಿದೆ. ಹೊಲದಲ್ಲಿ ಅಕ್ಕನೂ ಜೊತೆಯವರೂ ಬಿಸಿಲು ಬಂದ ಪಟ್ಟಿಯಲ್ಲಿ ಸಾಲಾಗಿ ಬಗ್ಗಿದ್ದರು. ನೆರಳು ಒಂದು ಮಾರು ಹಿಂದೆ ಸರಿದರೆ ಅವರೂ ಒಂದು ಮಾರು ಮುಂದೆ ಹೋಗುತ್ತಿದ್ದರು. ಇನ್ನೂ ಬೆಳ್ಳಗಿದ್ದ ಸಾಲಿಗೆ ಯಾರೂ ಕೈ ಹಾಕಲಿಲ್ಲ.