ಶೂಟಿಂಗ್ ಲಾಡ್ಜ್ ಗೋಪುರದಿಂದ ಗುಂಡು ಹೊಡೀತಿದ್ರಾ?

ಪ್ರಶ್ನೆ: ಸ್ಕಾಟ್ಲೆಂಡ್ ಕಡೆ ವಿಕ್ಟೋರಿಯಾ ಕಾಲದ, ಶ್ರೀಮಂತರು ಬೇಟೆಗೆ ಬಂದಾಗ ಉಳ್ಕೊಳ್ತಿದ್ದ ಮನೆಗಳಾದ ಶೂಟಿಂಗ್ ಲಾಡ್ಜ್‌ಗಳಿಗೆ ಕೋಟೆ ಥರ ಮೊನಚು ಗೋಪುರ, ಸಣ್ಣ ಕಿಟಕಿ ಇರುತ್ತಲ್ಲ, ಅಲ್ಲೇ ಕೂತು ಬೇಟೆ ಆಡ್ತಿದ್ರಾ?

ಇಲ್ಲ. ಇದಕ್ಕೆ ಎಷ್ಟನೇ ಸಲ ಉತ್ತರ ಬರೀತಿದೀನೋ ಲೆಕ್ಕ ಇಲ್ಲ, ಹೋಗಿ ಕಣ್ಣಾರೆ ನೋಡ್ಕೊಂಡು ಬಂದವರೂ ಇದನ್ನೇ ಕೇಳ್ತಾರೆ, ಅದಕ್ಕೇ ಈ ಸಲ ಪೂರ್ತಿ ಬರೆದುಬಿಡ್ತೀನಿ.

ಬೇಟೆ ನಡೀತಿದ್ದಿದ್ದು ಮನೆಯಿಂದ ಮೈಲಿಗಟ್ಟಲೆ ದೂರ, ಗುಡ್ಡದ ಮೇಲೆ. ಗಾಳಿಗೆ ಎದುರಾಗಿ, ಒದ್ದೆ ಹುಲ್ಲಲ್ಲಿ ಹೊಟ್ಟೆ ಮೇಲೆ ತೆವಳ್ಕೊಂಡು ಹೋದ್ರೇನೇ ಕೆಂಪು ಜಿಂಕೆ ಹತ್ರ ಸೇರಕ್ಕಾಗೋದು. ನಾಯಿ ಬೊಗಳ್ತಾ, ಚಿಮಣಿಯಲ್ಲಿ ಹೊಗೆ ಏಳ್ತಾ ಇರೋ ಮನೆ ಮುಂದೆ ಅದು ಬಂದು ನಿಲ್ಲುತ್ತಾ ಹೇಳಿ. ಇನ್ನು ಯುದ್ಧಕ್ಕೆ ಅಂತೀರಾ, ಅಲ್ಲಿ ಕೊನೇ ದೊಡ್ಡ ಯುದ್ಧ ಕಲ್ಲೋಡನ್‌ನಲ್ಲಿ ಆಗಿದ್ದು 1746ರಲ್ಲಿ, ವಿಕ್ಟೋರಿಯಾ ರಾಣಿಯ ಅಲ್ಲಿನ ಮನೆ, ಈಗಿರೋ ಬಾಲ್ಮೋರಲ್ ಕಟ್ಟಿದ್ದು 1853ರಿಂದ 56ರ ಮಧ್ಯೆ. ಅಬರ್ಡೀನ್‌ನ ವಿಲಿಯಂ ಸ್ಮಿತ್ ಪ್ಲಾನ್ ಮಾಡಿದ್ರು, ರಾಣಿ ಗಂಡ ಆಲ್ಬರ್ಟ್ ಪಕ್ಕದಲ್ಲೇ ಕೂತು ತಿದ್ದಿಸಿದ್ರು. ಹಳೇ ಸ್ಕಾಟಿಷ್ ಗೋಪುರಮನೆಗಳ ರೂಪನ ಮತ್ತೆ ತಂದಿದ್ದಕ್ಕೆ ಸ್ಕಾಟಿಷ್ ಬ್ಯಾರೋನಿಯಲ್ ಅಂತಾರೆ. ರಾಣಿ ಮನೆ ಹಾಗಿದ್ಮೇಲೆ ಉಳಿದ ಶ್ರೀಮಂತರಿಗೂ ಅದೇ ಬೇಕಾಯ್ತು, ಅಷ್ಟೇ. ಎಷ್ಟೋ ಗೋಪುರದ ಒಳಗೆ ಹೋದ್ರೆ ಬಟ್ಟೆ ಬದಲಾಯಿಸೋ ಮೂಲೆ ಇರುತ್ತೆ.

ಇನ್ನೂ ನಂಬಿಕೆ ಬರದಿದ್ರೆ ಮಾರ್ ಲಾಡ್ಜ್ ನೋಡಿ. ಬಾಲ್ಮೋರಲ್ ಇರೋ ಡೀ ನದಿ ಕಣಿವೆಯಲ್ಲೇ ಇದೆ, ವಿಕ್ಟೋರಿಯಾ ಮೊಮ್ಮಗಳು ಲೂಯಿಸ್ ಮತ್ತು ಅವರ ಗಂಡ ಡ್ಯೂಕ್ ಆಫ್ ಫೈಫ್‌ಗೆ ಅಂತ 1895ರಲ್ಲಿ ಶುರು ಮಾಡಿದ ಮನೆ. ಕೆಂಪು ಹೆಂಚು, ಮರದ ಪಟ್ಟಿ ಕಾಣೋ ಗೇಬಲ್ (ಇಳಿಜಾರು ಛಾವಣಿ ಕೆಳಗಿನ ಮುಮ್ಮೂಲೆ ಗೋಡೆ), ಮುಂದೆ ವರಾಂಡ. ಕೋಟೆ ಲಕ್ಷಣ ಒಂದೂ ಇಲ್ಲ. ಆದ್ರೆ ಅಲ್ಲಿನ ಬಾಲ್‌ರೂಂ ಛಾವಣಿಗೆ, ಗೋಡೆಗೆ ಮೊಳೆ ಹೊಡೆದಿರೋ ಜಿಂಕೆ ತಲೆಬುರುಡೆ 2,435! ಗೋಪುರ ಇಲ್ದೇನೇ.

ಬೇಟೆಗೆ ಅಂತಾನೇ ಯೋಚನೆ ಮಾಡಿ ಕಟ್ಟಿರೋದು ಲಾಡ್ಜ್ ಹಿಂಬದಿಯ ಸಣ್ಣ ಕಟ್ಟಡಗಳು, ಅದನ್ನ ಯಾರೂ ಫೋಟೋ ತೆಗೆಯಲ್ಲ. ಲಾರ್ಡರ್ ಅಂದ್ರೆ ಮಾಂಸ ನೇತು ಹಾಕೋ ಮನೆ, ನನಗೆ ತುಂಬ ಇಷ್ಟ ಅದು. ಫ್ರಿಜ್ ಇಲ್ಲದ ಕಾಲ, ಬೇಟೆ ಮಾಂಸನ ದಿನಗಟ್ಟಲೆ ಇಡ್ಬೇಕು. ಅದಕ್ಕೇ ಮರದ ನೆರಳಲ್ಲಿ, ಬಿಸಿಲು ಬೀಳದ ಉತ್ತರದ ಕಡೆ ಕಟ್ಟೋರು, ಗೋಡೆ ಬದಲು ಕೆಳಕ್ಕೆ ವಾಲಿದ ಮರದ ಪಟ್ಟಿಗಳು, ಮಳೆ ಒಳಗೆ ಬರಲ್ಲ ಗಾಳಿ ಬರುತ್ತೆ, ಒಳಗಡೆಯಿಂದ ಸಣ್ಣ ತೂತಿನ ಸತುವಿನ ತಗಡು, ಅದರಲ್ಲಿ ನೊಣ ತೂರಕ್ಕಾಗಲ್ಲ. ಅಜ್ಜಿ ಮನೇಲಿ ಹಾಲು ಮೊಸರು ಇಡ್ತಿದ್ದ ಜಾಲರಿ ಬೀರು ನೆನಪಿದ್ಯಲ್ಲ, ಅದನ್ನೇ ಒಂದು ಕೋಣೆಯಷ್ಟು ದೊಡ್ಡದು ಮಾಡಿದ ಹಾಗೆ. ಮೇಲೆ ಕಬ್ಬಿಣದ ಕೊಕ್ಕೆ, ಎತ್ತೋಕೆ ರಾಟೆ, ಕಲ್ಲು ನೆಲ ಮೋರಿ ಕಡೆ ಇಳಿಜಾರು. ಬಿಸಿಗಾಳಿ ಹೋಗಕ್ಕೆ ಛಾವಣಿ ತುದೀಲಿ ಒಂದು ಪುಟ್ಟ ಗೂಡು, ದೂರದಿಂದ ನೋಡಿ ಪ್ರಾರ್ಥನಾ ಮಂದಿರ ಅಂದ್ಕೊಳ್ಳೋರೂ ಇದಾರೆ.

ನಾಯಿಮನೆ ಇದಕ್ಕೆ ಉಲ್ಟಾ, ಬಿಸಿಲು ಬೇಕು. ಒದ್ದೆಯಾಗಿ ಬಂದ ನಾಯಿ ಕಲ್ಲಿನ ಮೇಲೆ ಮಲಗಬಾರದು ಅಂತ ನೆಲದಿಂದ ಎತ್ತರಿಸಿದ ಮರದ ಹಲಗೆ. ಜಿಂಕೆ ಹೊತ್ಕೊಂಡು ಬರೋ ಕುದುರೆಗಳಿಗೆ ಲಾಯ, ಗಿಲ್ಲಿ ಅನ್ನೋ ಆಳುಗಳಿಗೆ ಬಾತಿ ಅನ್ನೋ ಸಣ್ಣ ಮನೆ.

ಇದನ್ನ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಈ ಜಾಗಗಳಿಗೆ ಡೀರ್ ಫಾರೆಸ್ಟ್ ಅಂತ ಹೆಸರು, ನೋಡಿದ್ರೆ ಬರೀ ಬೋಳು ಗುಡ್ಡ. ಫಾರೆಸ್ಟ್ ಅಂದ್ರೆ ಆಗ ಬೇಟೆಗೆ ಕಾಯ್ದಿಟ್ಟ ನೆಲ ಅಂತ ಅರ್ಥ, ಮರ ಇರಲೇಬೇಕು ಅಂತಿಲ್ಲ. ಬೇಟೆಗೆ ಅಂತ ಜಿಂಕೆ ಜಾಸ್ತಿ ಸಾಕ್ಕೊಂಡಿದ್ರು, ಅವು ಚಿಗುರಿದ ಸಸಿನೆಲ್ಲ ತಿಂದು ಹಾಕ್ತಿದ್ವು. ಮಾರ್ ಲಾಡ್ಜ್ ಎಸ್ಟೇಟ್‌ನ 1995ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅನ್ನೋ ಸಂರಕ್ಷಣಾ ಸಂಸ್ಥೆ ತಗೊಂಡು ಜಿಂಕೆ ಸಂಖ್ಯೆ ಇಳಿಸ್ತು, ಈಗ ಅಲ್ಲಿ ಪೈನ್ ಸಸಿಗಳು ತಾವಾಗೇ ಏಳ್ತಿವೆ.